ಬ್ಯಾಂಡ್ ಕೋಟಿನ ಉತ್ತರಕ್ರಿಯೆ

ಶಾಲೆಯಲ್ಲಿ ಬ್ಯಾಂಡ್ ಸೆಟ್ ಕಟ್ಟುವುದು ಹೇಗೆಂದು ಹೇಳಿಕೊಡುವವರು ತಾಲ್ಲೂಕಿಗೆ ಹತ್ತು ಜನ ಸಿಗುತ್ತಾರೆ. ಸೈಡ್ ಡ್ರಮ್ ಬಿಗಿಯುವುದಕ್ಕೆ, ಬ್ಯೂಗಲ್ ಊದುವುದಕ್ಕೆ, ಬ್ಯಾಂಡ್ ಮೇಜರ್ ಆದವನು ಕೋಲನ್ನು ಮೇಲಕ್ಕೆಸೆದು ವೇದಿಕೆಯ ಗಣ್ಯರ ತಲೆಗೆ ಬೀಳದಂತೆ ಹಿಡಿಯುವುದಕ್ಕೆ, ಎಲ್ಲಕ್ಕೂ ಗುರುಗಳಿದ್ದಾರೆ. ಆ ಸೆಟ್ಟಿನ ಕೋಟುಗಳು ಹಳತಾದ ಮೇಲೆ ಏನು ಮಾಡಬೇಕೆಂದು ಕೇಳಿ ನೋಡಿ, ಎಲ್ಲರಿಗೂ ಒಮ್ಮೆಲೇ ಬೇರೆ ಕೆಲಸ ನೆನಪಾಗುತ್ತದೆ. ದೈಹಿಕ ಶಿಕ್ಷಕನಾಗಿ ನಿವೃತ್ತನಾದ ನಾನು ಈ ಕ್ಷೇತ್ರದಲ್ಲಿ ತಜ್ಞನಾಗಲು ಕಾರಣ ಇಷ್ಟೇ, ಕ್ಷೇತ್ರ ಖಾಲಿ ಇತ್ತು.

ಮೊದಲು ಲೆಕ್ಕ. ಸರ್ಕಾರಿ ಪ್ರೌಢಶಾಲೆಯ ಬ್ಯಾಂಡ್ ಕೋಟು ಆಗಸ್ಟ್ 15ಕ್ಕೆ ಒಮ್ಮೆ, ಜನವರಿ 26ಕ್ಕೆ ಒಮ್ಮೆ ಹೊರಗೆ ಬರುತ್ತದೆ. ನವೆಂಬರ್ 1ಕ್ಕೆ ತಾಲ್ಲೂಕು ಕಚೇರಿಯವರು ಕೇಳಿದರೆ ಮೂರನೆಯ ಸಲ. ಪ್ರತಿ ಸಲವೂ ಮೈಮೇಲೆ ಮೂರು ಗಂಟೆ ಇರುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಎರಡೂವರೆ ಗಂಟೆ ಮುಖ್ಯ ಅತಿಥಿಗಳ ಕಾರು ಕಾಯುವುದಕ್ಕೆ ಹೋಗುತ್ತದೆ. ಅಲ್ಲಿಗೆ ವರ್ಷಕ್ಕೆ 9 ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಮಿಕ್ಕ 8,751 ಗಂಟೆ ಕೋಟು ಟ್ರಂಕಿನಲ್ಲಿರುತ್ತದೆ. ಹತ್ತು ವರ್ಷ ಬಾಳಿದ ಕೋಟು ಮಕ್ಕಳ ಮೈಮೇಲೆ ಇದ್ದದ್ದು ಒಟ್ಟು ನಾಲ್ಕು ದಿನಕ್ಕೂ ಕಡಿಮೆ. ಹೀಗಿರುವಾಗ ಅದನ್ನು ಉಡುಪು ಎಂದು ಕರೆಯುವುದೇ ಶಾಸ್ತ್ರಕ್ಕೆ ವಿರುದ್ಧ. ಅದು ದಾಸ್ತಾನು. ಆಗೊಮ್ಮೆ ಈಗೊಮ್ಮೆ ಮಕ್ಕಳ ಮೈಮೇಲೆ ಗಾಳಿಗೆ ಹಾಕುವ ದಾಸ್ತಾನು.

ಈ ದಾಸ್ತಾನಿನ ವಂಶಾವಳಿ ದೊಡ್ಡದು. ಎದೆಯ ಮೇಲೆ ಅಡ್ಡಡ್ಡಲಾಗಿ ಚಿನ್ನದ ಬಣ್ಣದ ಹುರಿ ಕೂಡಿಸಿ ಹೊಲಿಯುವ ಪದ್ಧತಿ ಹಂಗೇರಿಯ ಹುಸಾರ್ ಎಂಬ ಕುದುರೆ ಸವಾರರದು. ಯುರೋಪಿನ ಸೈನ್ಯಗಳೆಲ್ಲ ಅವರನ್ನು ನೋಡಿ ಹಾಗೇ ಹೊಲಿಸಿಕೊಂಡವು, ಬ್ರಿಟಿಷರೂ ಹೊಲಿಸಿಕೊಂಡರು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಶುರುವಾಯಿತು. ಮೈಸೂರು ಅರಮನೆಯೂ ಪಾಶ್ಚಾತ್ಯ ವಾದ್ಯಗಳ ಬ್ಯಾಂಡನ್ನು ಇಟ್ಟುಕೊಂಡಿತು. ಅರಮನೆಯ ಬ್ಯಾಂಡು ಮುಂದೆ ಪೊಲೀಸ್ ಇಲಾಖೆಗೆ ಬಂತು, ದಸರೆಯಲ್ಲಿ ಈಗಲೂ ಕೇಳಬಹುದು. ಮಧ್ಯೆ ಯಾರು ಯಾರನ್ನು ನೋಡಿ ಹೊಲಿಸಿದರು ಎಂಬುದು ಹಾಗಿರಲಿ, ಕೊನೆಗೆ ಹೊಲಿಸಿಕೊಂಡವರು ನಾವು. ಹಂಗೇರಿಯ ಚಳಿಗೆ ಹುಟ್ಟಿದ ಕೋಟನ್ನು ಬಯಲುಸೀಮೆಯ ಒಂಬತ್ತನೇ ತರಗತಿ ಹುಡುಗನಿಗೆ ತೊಡಿಸಿ, ತಾಲ್ಲೂಕು ಕ್ರೀಡಾಂಗಣದ ಬಿಸಿಲಿನಲ್ಲಿ ನಿಲ್ಲಿಸಿ, ಅವನು ತಲೆ ಸುತ್ತಿ ಬಿದ್ದರೆ ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಎನ್ನುವುದು ನಮ್ಮ ಸ್ವಂತ ಸಂಶೋಧನೆ.

ಅಧ್ಯಯನಕ್ಕೆಂದು ನಾನು ಒಂದು ಕೋಟನ್ನು ಎದುರಿಗಿಟ್ಟುಕೊಂಡಿದ್ದೇನೆ. ಸಂಖ್ಯೆ 14. ಕುಂಕುಮ ಬಣ್ಣದ ಟೆರಿಕಾಟು. ಕಂಕುಳಲ್ಲಿ ಬೆವರಿನ ಉಪ್ಪು ಬೆಳ್ಳಗೆ ಗೆರೆ ಗೆರೆಯಾಗಿ ನಿಂತಿದೆ. ಭೂವಿಜ್ಞಾನ ಓದಿದವರು ಆ ಗೆರೆಗಳನ್ನು ಎಣಿಸಿ ಎಷ್ಟು ಸ್ವಾತಂತ್ರ್ಯೋತ್ಸವ ಆಗಿದೆ ಎಂದು ಹೇಳಬಲ್ಲರು. ಕಾಲರಿನ ಒಳಗೆ ಮಾರ್ಕಿಂಗ್ ಇಂಕಿನಲ್ಲಿ ನಾಲ್ಕು ಹೆಸರು. ಮೂರು ಹುಡುಗರದು, ಒಂದೊಂದಕ್ಕೂ ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಕೊನೆಯದು ಹುಡುಗಿಯದು, ಅದನ್ನು ಯಾರೂ ಹೊಡೆದಿಲ್ಲ. ಐದು ಗುಂಡಿಗಳಲ್ಲಿ ನಾಲ್ಕು ಚಿನ್ನದ ನೀರು ಕುಡಿದ ಪ್ಲಾಸ್ಟಿಕ್ಕು, ಐದನೆಯದು ಶರ್ಟಿನ ಗುಂಡಿಗೆ ಬಾಗಿಲಿಗೆ ಬಳಿಯುವ ಹಳದಿ ಪೇಂಟ್ ಹಚ್ಚಿದ್ದು. ಬೆನ್ನ ಹಿಂದೆ ಏಳು ಸೇಫ್ಟಿ ಪಿನ್ನು. ತೋಳನ್ನು ಒಳಕ್ಕೆ ಮಡಿಚಿ ಬಿಳಿ ದಾರದಲ್ಲಿ ಕೈಹೊಲಿಗೆ ಹಾಕಿದೆ. ಹೊಲಿಗೆ ದರ್ಜಿಯದಲ್ಲ, ಯಾವುದೋ ತಾಯಿ ಆಗಸ್ಟ್ 14ರ ರಾತ್ರಿ ಹಾಕಿದ್ದು. ಎಡ ಜೇಬಿನಲ್ಲಿ ಪೆಪ್ಪರ್‌ಮಿಂಟಿನ ಕಾಗದ, ತುಕ್ಕು ಹಿಡಿದ ಗುಂಡುಪಿನ್ನಿನ ಸಮೇತ ಒಂದು ಕಾಗದದ ಬಾವುಟ, ಮತ್ತು ಬೂಂದಿ ಲಾಡಿನ ಎರಡು ಕಾಳು. ಕಾಳು ಕಲ್ಲಾಗಿವೆ. ಇರುವೆಯೂ ಬಿಟ್ಟುಬಿಟ್ಟಿದೆ.

ಸೇಫ್ಟಿ ಪಿನ್ನಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋಟು ಹೊಲಿಸುವಾಗ ಆ ವರ್ಷದ ಮಕ್ಕಳ ಅಳತೆ ತೆಗೆಯುತ್ತಾರೆ. ಮಕ್ಕಳು ಎರಡು ವರ್ಷದಲ್ಲಿ ಶಾಲೆ ಬಿಡುತ್ತಾರೆ, ಅಳತೆ ಉಳಿಯುತ್ತದೆ. ಮೂರನೆಯ ವರ್ಷದಿಂದ ಬ್ಯಾಂಡಿಗೆ ಮಕ್ಕಳನ್ನು ಆರಿಸುವುದು ತಾಳಜ್ಞಾನ ನೋಡಿಯಲ್ಲ, ಎದೆಯ ಸುತ್ತಳತೆ ನೋಡಿ. ತಾಳ ಗೊತ್ತಿದ್ದ ಎಷ್ಟೋ ಹುಡುಗರು ಭುಜ ಅಗಲವಿದ್ದದ್ದರಿಂದ ಖೋಖೋಗೆ ಹೋದದ್ದನ್ನು, ತಾಳವೇ ಗೊತ್ತಿಲ್ಲದ ಹುಡುಗ ಕೋಟು ಸಂಖ್ಯೆ 3ಕ್ಕೆ ಸರಿಯಾಗಿ ಕೂತದ್ದರಿಂದ ಬಾಸ್ ಡ್ರಮ್ ಹೊತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಶಾಲೆಯ ಬ್ಯಾಂಡು ಎಡಗಾಲಿಗೆ ಬೀಳಬೇಕಾದ ಪೆಟ್ಟನ್ನು ಬಲಗಾಲಿಗೆ ಹಾಕುತ್ತಿದ್ದುದಕ್ಕೆ ಕಾರಣ ಸಂಗೀತದ್ದಲ್ಲ, ಹೊಲಿಗೆಯದು.

ಬಾಸ್ ಡ್ರಮ್ ಹೊರುವವನಿಗೆ ಮಾತ್ರ ಚಿರತೆ ಚರ್ಮದ ಹೊದಿಕೆ ಇರುತ್ತದೆ. ಬ್ರಿಟಿಷ್ ಸೈನ್ಯದಲ್ಲಿ ಅದು ನಿಜವಾದ ಚರ್ಮವೇ ಆಗಿತ್ತು, ನಮ್ಮದು ಚುಕ್ಕೆ ಅಚ್ಚು ಹಾಕಿದ ವೆಲ್ವೆಟ್ಟು. ಅದರ ವಿಲೇವಾರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಎಂದು ಒಬ್ಬ ಹೆಡ್ ಮಾಸ್ಟರು ನನ್ನನ್ನು ಕೇಳಿದ್ದುಂಟು. ಬೇಡ ಎಂದೆ. ಬರವಣಿಗೆಯಲ್ಲಿ ಕೊಡಿ ಎಂದರು.

ಕೋಟು ಶಾಲೆಗೆ ಬರುವುದು ಸರ್ಕಾರದಿಂದಲ್ಲ. ಸರ್ಕಾರ ಕೊಡುವ ಉಚಿತ ಸಮವಸ್ತ್ರದಲ್ಲಿ ಚಿನ್ನದ ಹುರಿ ಇಲ್ಲ. ಡ್ರಮ್ಮು, ಬ್ಯೂಗಲ್ಲುಗಳು ಮೀರತ್ತಿನ ಕಡೆಯಿಂದ ಬರುತ್ತವೆ. ಅಲ್ಲಿಯ ಜಾಲಿ ಕೋಠಿಯ ಗಲ್ಲಿಗಳು ದೇಶದ ಮದುವೆಗಳಿಗೆಲ್ಲ ಹಿತ್ತಾಳೆ ವಾದ್ಯ ಮಾಡಿ ಕಳಿಸುತ್ತವೆ. ಕೋಟು ಬರುವುದು ದಾನಿಗಳಿಂದ. ದಾನಿಗಳಲ್ಲಿ ಎರಡು ಜಾತಿ. ಹಳೆ ವಿದ್ಯಾರ್ಥಿ ಮೊದಲನೆಯವನು. ಓದುವಾಗ ತನ್ನನ್ನು ಬ್ಯಾಂಡಿಗೆ ಸೇರಿಸಿಕೊಳ್ಳದ ಸಿಟ್ಟನ್ನು ಮೂವತ್ತು ವರ್ಷ ಕಾದು ಹೀಗೆ ತೀರಿಸಿಕೊಳ್ಳುತ್ತಾನೆ. ಎರಡನೆಯವರು ಮುಂದಿನ ಚುನಾವಣೆಗೆ ನಿಲ್ಲುವವರು. ಇವರ ಹೆಸರನ್ನು ಬಾಸ್ ಡ್ರಮ್ಮಿನ ಎರಡೂ ಮುಖದ ಮೇಲೆ ಬರೆಸಬೇಕು, ಏಕೆಂದರೆ ಮೆರವಣಿಗೆಗೆ ಎರಡು ಬದಿ. ತೊಂದರೆ ಏಳುವುದು ಹತ್ತು ವರ್ಷದ ಮೇಲೆ. ದಾನಿ ಅಧಿಕಾರದಲ್ಲಿದ್ದರೆ ಅವರು ಕೊಟ್ಟ ಕೋಟನ್ನು ಹಳತು ಎನ್ನುವಂತಿಲ್ಲ. ಸೋತಿದ್ದರೆ ಗೆದ್ದವರ ಎದುರು ಆ ಕೋಟನ್ನು ತೊಡಿಸುವಂತಿಲ್ಲ. ತೀರಿಕೊಂಡಿದ್ದರೆ ವಾರ್ಷಿಕ ಪುಣ್ಯತಿಥಿಗೆ ಮನೆಯವರು ಶಾಲೆಗೆ ಬಂದು ಕೋಟುಗಳು ಚೆನ್ನಾಗಿವೆಯಾ ಎಂದು ವಿಚಾರಿಸುತ್ತಾರೆ.

ಈಗ ಮುಖ್ಯ ಪ್ರಶ್ನೆ: ಕೋಟು ಹಳತಾಗುವುದು ಯಾವಾಗ? ರಾಷ್ಟ್ರಧ್ವಜದ ವಿಷಯದಲ್ಲಿ ಗೊಂದಲವಿಲ್ಲ. 2002ರ ಭಾರತದ ಧ್ವಜ ಸಂಹಿತೆ ಸ್ಪಷ್ಟವಾಗಿದೆ. ಹರಿದ ಅಥವಾ ಕೊಳೆಯಾದ ಧ್ವಜವನ್ನು ಎಲ್ಲೆಂದರಲ್ಲಿ ಎಸೆಯಬಾರದು, ಖಾಸಗಿಯಾಗಿ, ಸಾಧ್ಯವಾದಷ್ಟೂ ಸುಟ್ಟು, ಘನತೆಗೆ ಕುಂದಿಲ್ಲದಂತೆ ಪೂರ್ತಿ ಇಲ್ಲವಾಗಿಸಬೇಕು. ಅದೇ ಧ್ವಜಕ್ಕೆ ಹತ್ತು ವರ್ಷ ವಂದನೆ ಸಲ್ಲಿಸಿದ ಕೋಟಿಗೆ ಯಾವ ಸಂಹಿತೆಯಲ್ಲೂ ಒಂದು ಸಾಲಿಲ್ಲ. ಧ್ವಜದ ನಿಯಮವನ್ನೇ ಕೋಟಿಗೂ ಅನ್ವಯಿಸಿದರೆ ಏನಾಗುತ್ತದೆ ಎಂದು ಕೇಳಬಹುದು. ಟೆರಿಕಾಟಿನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್ ಇರುತ್ತದೆ. ನೀರಿನ ಬಾಟಲಿ ಯಾವ ಪ್ಲಾಸ್ಟಿಕ್ಕಿನದೋ ಇದೂ ಅದೇ. 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕರಗಿ ತೊಟ್ಟಿಕ್ಕುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಆರಿದ ಮೇಲೆ ನೆಲಕ್ಕೆ ಗಟ್ಟಿಯಾಗಿ ಅಂಟುತ್ತದೆ. ಆಮೇಲೆ ನೆಲವನ್ನೇ ವಿಲೇವಾರಿ ಮಾಡಬೇಕು. (2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುತ್ತಿದ್ದವರು ಅದಕ್ಕೆ ಬೀದಿಗಿಳಿದರು. ಅವರನ್ನು ಯಾರೂ ತಜ್ಞರೆಂದು ಕರೆಯಲಿಲ್ಲ.)

ಕಾನೂನಿನ ಇನ್ನೊಂದು ಮುಖವೂ ಇದೆ. ಸೈನಿಕನಲ್ಲದವನು ತನ್ನನ್ನು ಸೈನಿಕನೆಂದು ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ತೊಡುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 140ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 168. ನಮ್ಮ ಕೋಟನ್ನು ಕೊಂಡವನು ಅದನ್ನು ತೊಟ್ಟು ಊರಲ್ಲಿ ತಿರುಗಿದರೆ ಮಾರಿದ ಶಾಲೆಯೂ ಸಿಕ್ಕಿಬೀಳುತ್ತದೆಯೇ ಎಂದು ನಾನು ಬಹಳ ಯೋಚಿಸಿದ್ದೇನೆ. ಇಲ್ಲ. ಈ ಕೋಟು ತೊಟ್ಟವನನ್ನು ತಮ್ಮವನೆಂದು ಒಪ್ಪಿಕೊಳ್ಳುವ ಸೈನ್ಯ ಭೂಮಿಯ ಮೇಲೆ ಇಲ್ಲ.

ಇನ್ನು ಕಾರ್ಯವಿಧಾನ. ಶಾಲೆಗೆ ಬಂದ ಪ್ರತಿ ವಸ್ತುವೂ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಸೇರುತ್ತದೆ. ಒಮ್ಮೆ ಸೇರಿದರೆ ಹೊರಬರಲು ಉಪಯೋಗಕ್ಕೆ ಬಾರದು ಎಂಬ ಪ್ರಮಾಣಪತ್ರ ಬೇಕು, ಸಮಿತಿಯ ನಡಾವಳಿ ಬೇಕು, ಮೇಲಿನ ಕಚೇರಿಯ ಅನುಮತಿ ಬೇಕು, ಬಹಿರಂಗ ಹರಾಜಾಗಬೇಕು, ಬಂದ ಹಣವನ್ನು ಜಮೆ ಮಾಡಬೇಕು. ಇಷ್ಟಕ್ಕೂ ರುಜು ಹಾಕಬೇಕಾದವರು ಹೆಡ್ ಮಾಸ್ಟರು. ಹೆಡ್ ಮಾಸ್ಟರು ವರ್ಗವಾಗುತ್ತಾರೆ, ಇಲ್ಲವೇ ನಿವೃತ್ತರಾಗುತ್ತಾರೆ. ವರ್ಗವಾಗುವವರು ಚಾರ್ಜ್ ಲಿಸ್ಟಿನಲ್ಲಿ ‘ಬ್ಯಾಂಡ್ ಕೋಟು 26, ಸುಸ್ಥಿತಿ’ ಎಂದು ಬರೆದು ಕೊಡುತ್ತಾರೆ. ಬಂದವರು ‘26, ಸುಸ್ಥಿತಿ’ ಎಂದು ಬರೆದುಕೊಳ್ಳುತ್ತಾರೆ. ಟ್ರಂಕಿನ ಬೀಗದ ಕೈ ಹಿಂದಿನವರ ಹಿಂದಿನವರ ಕಾಲದಲ್ಲೇ ಕಳೆದಿದ್ದರಿಂದ ಇಬ್ಬರ ಮನಸ್ಸಿನಲ್ಲೂ ಸಂಶಯಕ್ಕೆ ಜಾಗವಿಲ್ಲ. ನಿವೃತ್ತರಾಗುವವರ ಕತೆ ಬೇರೆ. ಅವರಿಗೆ ಬೇಬಾಕಿ ಪ್ರಮಾಣಪತ್ರ ಬೇಕು. ಕೋಟು ಒಂದು ಕಡಿಮೆ ಬಂದರೆ ಪಿಂಚಣಿ ಕಾಗದ ಮುಂದಕ್ಕೆ ಹೋಗುವುದಿಲ್ಲ. ಆದಕಾರಣ ಶಾಲೆಯಲ್ಲಿ ಅತ್ಯಂತ ಭದ್ರವಾಗಿರುವ ವಸ್ತು ಪ್ರಶ್ನೆಪತ್ರಿಕೆಯಲ್ಲ, ಅಕ್ಕಿ ಮೂಟೆಯಲ್ಲ, ಯಾರಿಗೂ ಬೇಡವಾದ ಈ ಕೋಟು.

ನಮ್ಮಲ್ಲಿ ಒಮ್ಮೆ ಧೈರ್ಯವಂತ ಹೆಡ್ ಮಾಸ್ಟರೊಬ್ಬರು ಬೀಗ ಒಡೆಸಿ ಸಮಿತಿ ಕರೆದರು. ಟ್ರಂಕು ತೆಗೆದಾಗ ಮೊದಲು ಹೊರಬಂದದ್ದು ನುಸಿಗುಳಿಗೆಯ ವಾಸನೆ, ಆಮೇಲೆ ಒಂದು ಇಲಿ. ಟೋಪಿಗೆ ಸಿಕ್ಕಿಸುವ ಪುಕ್ಕ ಒಂದೂ ಉಳಿದಿರಲಿಲ್ಲ. ಬಣ್ಣ ಹಾಕಿದ ಕೋಳಿಪುಕ್ಕದಲ್ಲಿರುವುದು ಕೆರಾಟಿನ್, ಬಟ್ಟೆ ತಿನ್ನುವ ಹುಳಗಳಿಗೆ ಪ್ರಿಯವಾದ ಆಹಾರ. ಪಾಲಿಯೆಸ್ಟರನ್ನು ಅವು ಮೂಸಿ ಬಿಟ್ಟಿದ್ದವು. ಟೋಪಿಗಳ ಒಳಗಿನ ರಟ್ಟು ಯಾವುದೋ ಆಗಸ್ಟಿನ ಮಳೆಯಲ್ಲಿ ನೆನೆದು, ಒಣಗಿ, ಒಂದೊಂದೂ ಒಂದೊಂದು ಆಕಾರ ತಾಳಿತ್ತು. ಎಸ್‌ಡಿಎಂಸಿ ಅಧ್ಯಕ್ಷರು ಒಂದು ಕೋಟನ್ನು ಕೊಡವಿ ಎತ್ತಿದರು.

“ಇದಕ್ಕೇನ್ ಆಗೈತೆ ಸಾ? ಗಟ್ಟಿಯಾಗೇ ಐತಲ್ಲ. ಒಂದ್ಸಲ ಒಗ್ಸಿ ಇಸ್ತ್ರಿ ಹೊಡ್ಸುದ್ರೆ ಹೊಸದೇಯ.”

“ಪುಕ್ಕ ಇಲ್ಲ ಅಧ್ಯಕ್ಷರೇ, ಹುರಿ ಕಪ್ಪಾಗಿದೆ,” ಎಂದರು ಹೆಡ್ ಮಾಸ್ಟರು.

“ಪುಕ್ಕದ್ದೇನ್ ಸಾ, ನಮ್ ಕೋಳಿ ಫಾರಂ ಐತಲ್ಲ.”

ಅಧ್ಯಕ್ಷರು ರುಜು ಹಾಕಲಿಲ್ಲ. ಅವರ ತಮ್ಮ ಆ ಕೋಟಿನ ದಾನಿ ಎಂಬುದು ಸಭೆ ಮುಗಿದ ಮೇಲೆ ಗೊತ್ತಾಯಿತು. ನಡಾವಳಿಯಲ್ಲಿ ‘ಕೂಲಂಕಷವಾಗಿ ಚರ್ಚಿಸಿ ಮುಂದೂಡಲಾಯಿತು’ ಎಂದು ಬರೆದು ಟೀ ಕುಡಿದೆವು. ಟೀ ಖರ್ಚು ಕ್ರೀಡಾ ನಿಧಿಯಿಂದ.

ನಿಯಮಬದ್ಧ ದಾರಿ ಹೀಗೆ ಮುಚ್ಚಿದಾಗ ಜನಪದ ದಾರಿಗಳನ್ನು ಪರಿಶೀಲಿಸುವುದು ತಜ್ಞನ ಕರ್ತವ್ಯ. ಹಳೆ ಬಟ್ಟೆಯಿಂದ ಕೌದಿ ಹೊಲಿಯುವ ಉತ್ತರ ಕರ್ನಾಟಕದ ಅಜ್ಜಿಯರು ಟೆರಿಕಾಟನ್ನು ಮುಟ್ಟಿ ನೋಡಿ ಪಕ್ಕಕ್ಕಿಡುತ್ತಾರೆ. ಮೈಗೆ ಒಗ್ಗುವುದಿಲ್ಲ, ಬೆವರು ಹೀರುವುದಿಲ್ಲ, ಚಿನ್ನದ ಹುರಿ ಮೊಮ್ಮಕ್ಕಳ ಕೆನ್ನೆಗೆ ಚುಚ್ಚುತ್ತದೆ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ನಮ್ಮ ಕೋಟಿನಲ್ಲಿ ಉಣ್ಣೆ ಇಲ್ಲದ್ದರಿಂದ ಪಾಣಿಪತ್ತಿನಲ್ಲಿ ನಮಗೆ ನಾಲ್ಕನೆಯ ಸೋಲು ಬೇಡ. ಕರಿಹಲಗೆ ಒರೆಸಲು ಕೊಟ್ಟೆವು, ಸೀಮೆಸುಣ್ಣದ ಪುಡಿ ಹತ್ತದೆ ಜಾರಿತು. ನೆಲ ಒರೆಸಲು ಕೊಟ್ಟೆವು, ನೀರನ್ನು ಹೀರುವ ಬದಲು ಬೇರೆ ಕೊಠಡಿಗೆ ವರ್ಗಾಯಿಸಿತು. ಈ ಗುಣವನ್ನು ನಾನು ಇಲಾಖೆಯಲ್ಲಿ ಬೇರೆ ಕಡೆಯೂ ಕಂಡಿದ್ದೇನೆ.

ರಾಗಿ ಹೊಲದ ಬೆರ್ಚಪ್ಪನಿಗೆ ತೊಡಿಸುವ ಪ್ರಯೋಗ ಮಾತ್ರ ಅರ್ಧ ಗೆದ್ದಿತು. ಹೊಳೆಯುವ ಗುಂಡಿಗಳಿಗೆ ಗುಬ್ಬಿಗಳು ಎರಡು ದಿನ ಹೆದರಿದವು. ಮೂರನೆಯ ದಿನ ಬೆರ್ಚಪ್ಪನ ಎಪಾಲೆಟ್ಟಿನ ಮೇಲೆ ಸಾಲಾಗಿ ಕೂತವು. ಹೊಲದವನು ಕೋಟನ್ನು ವಾಪಸು ತಂದುಕೊಟ್ಟ. ಶಾಲೆಯ ಸ್ವತ್ತು, ನಮಗ್ಯಾಕೆ ಬುಡಿ ಎಂದ.

ಮದುವೆ ಬ್ಯಾಂಡಿನವರನ್ನು ಕರೆಸಿದೆವು. ಮಾಲೀಕ ಬಂದು ಕೋಟನ್ನು ಕೈಯಲ್ಲಿ ಹಿಡಿದು ಮೆಚ್ಚಿದ, ಹುರಿಯ ಹೊಲಿಗೆ ತುಂಬ ನೀಟಾಗಿದೆ ಎಂದ. ಆಮೇಲೆ ತನ್ನ ಟ್ರಂಪೆಟ್ಟಿನವನನ್ನು ಮುಂದೆ ನಿಲ್ಲಿಸಿ, “ನೋಡಿ ಮೇಷ್ಟ್ರೇ, ಇವ್ನ ಹೊಟ್ಟೆ. ಎಂಟನೇ ಕ್ಲಾಸಿನ ಕೋಟು ಇವ್ನಿಗೆ ಎಲ್ ಹತ್ತದೆ?” ಎಂದ. ಮುಂದೆ ಹೋಟೆಲ್ ಬಾಗಿಲಲ್ಲಿ ಸೆಲ್ಯೂಟ್ ಹೊಡೆಯುವವರಿಗೂ ಇದೇ ಆಕ್ಷೇಪ ಅನ್ವಯಿಸಿತು. ಈ ದೇಶದಲ್ಲಿ ಹುಸಾರ್ ಕೋಟಿಗೆ ಬೇಡಿಕೆ ಕಡಿಮೆಯಿಲ್ಲ, ಆದರೆ ಬೇಡುವವರೆಲ್ಲ ದೊಡ್ಡವರು. ಪೌರಾಣಿಕ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವರು ಕೌರವನ ಸೈನ್ಯಕ್ಕೆ ಬರುವುದಿಲ್ಲ ಎಂದು ತಲೆಯಾಡಿಸಿದರು. ಸಂಗೊಳ್ಳಿ ರಾಯಣ್ಣನ ನಾಟಕದಲ್ಲಿ ಬ್ರಿಟಿಷರಿಗೆ ತೊಡಿಸಬಹುದಲ್ಲ ಎಂದೆ. “ಬ್ರಿಟಿಷರು ಇಬ್ಬರೇ ಇರ್ತಾರೆ ಸಾರ್, ಅವರಿಗೆ ಇದೆ,” ಎಂದರು.

ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಒಂದು ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಬುಟ್ಟಿ ಇಳಿಸಿದಳು. ಬಿಸಿಯೂಟದ ಅಡುಗೆಯಮ್ಮ ನಮ್ಮ ಪರವಾಗಿ ಮಾತಿಗೆ ಕೂತರು.

“ಇಪ್ಪತ್ತಾರು ಕೋಟು ಐತೆ ಕಣವ್ವ. ಏನ್ ಕೊಟ್ಟೀಯ?”

ಆಕೆ ಒಂದನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಒಂದು ಟೀ ಜರಡಿ ಕೊಡ್ತೀನಕ್ಕ.”

“ಇಪ್ಪತ್ತಾರಕ್ಕೆ ಒಂದು ಜರಡಿಯಾ?”

“ಹೊತ್ಕೊಂಡ್ ಹೋಗೋಳು ನಾನಲ್ವೇನಕ್ಕ.”

ಅಡುಗೆಯಮ್ಮ ಒಪ್ಪಿದ್ದರು. ತಡೆದವರು ಹೆಡ್ ಮಾಸ್ಟರು. ಬಂದ ಜರಡಿಯನ್ನು ಯಾವ ವಹಿಯಲ್ಲಿ ಬರೆಯಬೇಕು? ಬಿಸಿಯೂಟದ್ದರಲ್ಲಿ ಬರೆದರೆ ಬ್ಯಾಂಡಿನ ಆಸ್ತಿ ಅಡುಗೆಮನೆಗೆ ಹೋದಂತಾಗುತ್ತದೆ. ಬ್ಯಾಂಡಿನದರಲ್ಲಿ ಬರೆದರೆ ಮುಂದಿನ ಆಗಸ್ಟ್ 15ಕ್ಕೆ ಜರಡಿ ಪರೇಡಿಗೆ ಹಾಜರಿರಬೇಕು. ಪ್ರಶ್ನೆ ಇತ್ಯರ್ಥವಾಗುವಷ್ಟರಲ್ಲಿ ಆಕೆ ಬುಟ್ಟಿ ಎತ್ತಿಕೊಂಡು ಮುಂದಿನ ಬೀದಿಗೆ ಹೋಗಿದ್ದಳು.

ಕಳ್ಳತನವನ್ನೂ ಪರಿಶೀಲಿಸಿದ್ದೇನೆ. ಕಾಮನ ಹುಣ್ಣಿಮೆಗೆ ಹುಡುಗರು ಕಟ್ಟಿಗೆ, ಕುರ್ಚಿ, ಬೇಲಿ ಗೂಟ ಕದಿಯುವುದಕ್ಕೆ ನಮ್ಮಲ್ಲಿ ಸಂಪ್ರದಾಯದ ಒಪ್ಪಿಗೆ ಇದೆ. ಆ ರಾತ್ರಿ ಟ್ರಂಕನ್ನು ವರಾಂಡದಲ್ಲಿ, ಬೀಗ ಹಾಕದೆ, ಬಲ್ಬ್ ಉರಿಸಿ ಇಟ್ಟೆವು. ಬೆಳಿಗ್ಗೆ ಶಾಲೆಯ ಮೂರು ಬೆಂಚು, ಒಂದು ಕಿಟಕಿ ಬಾಗಿಲು, ತೆಂಗಿನ ಗರಿಗಳೆಲ್ಲ ಹೋಗಿದ್ದವು. ಕೋಟುಗಳು ಮಾತ್ರ ಹಾಗೇ ಇದ್ದವು, ಎಣಿಸಿ ನೋಡಿದರೆ 26. ಬೆಂಚಿಗೆ ಎಫ್‌ಐಆರ್ ಆಗಬೇಕೆಂದು ಮೇಲಿನವರು ಬರೆದರು.

ಕೊನೆಗೆ ಹೆಡ್ ಮಾಸ್ಟರು ಮೇಲಿನ ಕಚೇರಿಗೆ ಎರಡು ಸಲ ನಡೆದು ಹರಾಜಿಗೆ ಅನುಮತಿ ತಂದರು. ಪಂಚಾಯಿತಿ ಬೋರ್ಡಿಗೆ ನೋಟಿಸು ಅಂಟಿಸಿ ಟಾಂಟಾಂ ಹೊಡೆಸಿದರು. ಹೇಳಿದ ದಿನ ಬಂದವನು ಗುಜರಿಯವನೊಬ್ಬ. ಅವನು ಕೋಟನ್ನು ಬಿಸಿಲಿಗೆ ಹಿಡಿದ, ಗುಂಡಿಯನ್ನು ಉಗುರಲ್ಲಿ ಕೆರೆದ.

“ಪಿಲಾಸ್ಟಿಕ್ಕು ಸಾ.”

“ಬಟ್ಟೆಗೆ ಎಷ್ಟು ಕೊಡ್ತೀಯಪ್ಪ?”

“ಬಟ್ಟೆ ನಾವ್ ತಗಳಲ್ಲ ಸಾ. ಕಬ್ಣ, ರಟ್ಟು, ಬಾಟ್ಲಿ.” ಜೇಬಿನಿಂದ ಅಯಸ್ಕಾಂತ ತೆಗೆದು ಟ್ರಂಕಿಗೆ ಹಿಡಿದ. ಟಣ್ಣನೆ ಕಚ್ಚಿಕೊಂಡಿತು. ಅವನ ಮುಖ ಆಗ ಅರಳಿತು. “ಇದು ಕೊಡೋದಾದ್ರೆ ತಕ್ಕಡಿ ತತ್ತೀನಿ. ಒಳಗಡೇದು ನೀವೇ ಇಟ್ಕಳಿ.”

ಹರಾಜಿನ ಅನುಮತಿ ಪತ್ರದಲ್ಲಿ ‘ಟ್ರಂಕು ಸಹಿತ ಕೋಟುಗಳು’ ಎಂದಿತ್ತು. ಟ್ರಂಕು ಸಹಿತ ಎಂದ ಮೇಲೆ ಟ್ರಂಕನ್ನಾದರೂ ಕೊಡಬಹುದು ಎಂದು ನಾನು ತಜ್ಞಾಭಿಪ್ರಾಯ ಕೊಟ್ಟೆ. ಅನುಮತಿಯ ಅರ್ಧ ಭಾಗವನ್ನು ಪಾಲಿಸಿದ ಸಮಾಧಾನದಲ್ಲಿ ಟ್ರಂಕನ್ನು ತೂಗಿ ಕೊಟ್ಟು, ಕೋಟುಗಳನ್ನು ಗಂಟು ಕಟ್ಟಿ ಆಫೀಸಿನ ಮರದ ಬೀರುವಿನಲ್ಲಿ ಇಟ್ಟರು. ಡೆಡ್ ಸ್ಟಾಕ್ ರಿಜಿಸ್ಟರುಗಳಿದ್ದ ಬೀರು ಅದೇ.

ಗೆದ್ದಲು ಬಂದದ್ದು ಆ ಮಳೆಗಾಲದಲ್ಲಿ. ಗೆದ್ದಲಿಗೆ ಬೇಕಾದದ್ದು ಸೆಲ್ಯುಲೋಸ್. ಅದು ಮರದಲ್ಲಿದೆ, ಕಾಗದದಲ್ಲಿದೆ. ಗೋಡೆಯಿಂದ ಮಣ್ಣಿನ ದಾರಿ ಮಾಡಿಕೊಂಡು ಬೀರುವಿನ ಬೆನ್ನಿಗೆ ಹತ್ತಿ, ರಿಜಿಸ್ಟರುಗಳನ್ನು ರಟ್ಟಿನಿಂದ ರಟ್ಟಿಗೆ ಓದಿ ಮುಗಿಸಿತು. ಕೋಟಿನ ಗಂಟಿನ ಮೇಲೆ ಒಂದಿಷ್ಟು ಮಣ್ಣು ಬಿಟ್ಟುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಇದುವರೆಗೆ ಕೋಟು ದಾಖಲೆಯಲ್ಲಿತ್ತು, ಅದನ್ನು ಇಲ್ಲವಾಗಿಸಲು ಆಗುತ್ತಿರಲಿಲ್ಲ. ಈಗ ದಾಖಲೆ ಇಲ್ಲ, ಕೋಟು ಇದೆ. ಇಲ್ಲದ್ದನ್ನು ವಿಲೇವಾರಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಅದ್ವೈತಿಗಳಲ್ಲಿ ಉತ್ತರ ಇರಬಹುದು, ಆಡಿಟ್ ಇಲಾಖೆಯಲ್ಲಿ ಇಲ್ಲ. ಅವರು ಪ್ಯಾರಾ ಬರೆದು ಹೋದರು: 26 ಕೋಟು ಭೌತಿಕವಾಗಿ ಕಂಡುಬಂದಿವೆ, ಮೂಲ ವಹಿ ಹಾಜರುಪಡಿಸಿಲ್ಲ, ಹೊಸ ವಹಿ ತೆರೆದು ದಾಖಲಿಸತಕ್ಕದ್ದು.

ಹೊಸ ವಹಿ ತೆರೆದರು. ಮೊದಲ ಪುಟ, ಮೊದಲ ಸಾಲು, ಬ್ಯಾಂಡ್ ಕೋಟು 26. ದಿನಾಂಕದ ಕಾಲಂನಲ್ಲಿ ಆ ದಿನದ ದಿನಾಂಕ. ಬೆಲೆಯ ಕಾಲಂ ಖಾಲಿ ಬಿಡುವಂತಿಲ್ಲ, ಹಳೆ ಬಿಲ್ಲು ಗೆದ್ದಲಿನ ಹೊಟ್ಟೆಯಲ್ಲಿತ್ತು. ಮೂರು ಜನ ದರ್ಜಿಗಳಿಂದ ದರಪಟ್ಟಿ ತರಿಸಿದರು. ದರ್ಜಿಗಳು ತಮಗೆ ಗೊತ್ತಿದ್ದ ದರ ಕೊಟ್ಟರು, ಅಂದರೆ ಹೊಸ ಕೋಟಿನದು. ಸ್ಥಿತಿಯ ಕಾಲಂನಲ್ಲಿ ಈ ವರ್ಷ ಸೇರಿದ ವಸ್ತುವಿಗೆ ಬರೆಯುವುದನ್ನೇ ಬರೆದರು. ಹೀಗೆ ಒಂದು ಟೀ ಜರಡಿಗೆ ಹೋಗಬೇಕಿದ್ದ ಕೋಟುಗಳು ಶಾಲೆಯ ಅತ್ಯಂತ ಬೆಲೆಬಾಳುವ, ಅತ್ಯಂತ ಹೊಸ ಆಸ್ತಿಯಾದವು.

ಅದರ ಮುಂದಿನ ಜೂನಿನಲ್ಲಿ ಹಳೆ ವಿದ್ಯಾರ್ಥಿಯೊಬ್ಬ, ಹತ್ತಿ ಬಟ್ಟೆಯ ಹಗುರವಾದ ಬಿಳಿ ಅಂಗಿ, ಬಿಸಿಲಿಗೆ ಅಗಲ ಅಂಚಿನ ಟೋಪಿ, ಅಷ್ಟನ್ನು ಮಕ್ಕಳಿಗೆ ಕೊಡಿಸುತ್ತೇನೆ ಎಂದು ಬಂದ. ಡ್ರಮ್ಮಿನ ಮೇಲೆ ಹೆಸರೂ ಬೇಡ ಎಂದ. ಹೆಸರು ಬೇಡವೆಂದಾಗಲೇ ಎಲ್ಲರಿಗೂ ಸಂಶಯ ಬಂತು. ಸಮಿತಿ ವಹಿಯನ್ನು ನೋಡಿ, ಈಗಷ್ಟೇ 26 ಹೊಸ ಕೋಟು ದಾಖಲಾಗಿರುವುದರಿಂದ ಬೇರೆ ಸಮವಸ್ತ್ರದ ಅಗತ್ಯ ಕಂಡುಬರುವುದಿಲ್ಲ ಎಂದು ನಡಾವಳಿ ಬರೆಯಿತು. ಎಸ್‌ಡಿಎಂಸಿ ಅಧ್ಯಕ್ಷರು ಈ ಸಲ ಓದದೆಯೇ ರುಜು ಹಾಕಿದರು.

ತಾಲ್ಲೂಕು ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯಿಂದ ಆಗಸ್ಟ್ 15ರ ಪರೇಡಿಗೆ ಪತ್ರ ಬಂದಿದೆ. ಹೊಸ ದೈಹಿಕ ಶಿಕ್ಷಕರು ಎಂಟು, ಒಂಬತ್ತನೇ ತರಗತಿಯವರನ್ನು ಸಾಲಾಗಿ ನಿಲ್ಲಿಸಿ ಎದೆಯ ಅಳತೆ ತೆಗೆಯುತ್ತಿದ್ದಾರೆ. ಸಲಹೆ ಕೇಳಲು ನನ್ನ ಮನೆಗೂ ಬಂದಿದ್ದರು. ನಾಲ್ಕು ಡಜನ್ ಸೇಫ್ಟಿ ಪಿನ್ ತರಿಸಿ ಎಂದೆ. ಅವನ್ನು ದಿನಬಳಕೆ ವಸ್ತುಗಳ ವಹಿಯಲ್ಲಿ ಬರೆಯಬೇಕು, ಮರೆತೂ ಡೆಡ್ ಸ್ಟಾಕಿನಲ್ಲಿ ಬರೆಯಬಾರದು. ಬರೆದರೆ ಅವುಗಳ ವಿಲೇವಾರಿಗೆ ಇನ್ನೊಬ್ಬ ತಜ್ಞ ಬೇಕಾಗುತ್ತಾನೆ.